ಬೀಳೋದು ಒಂದು, ಬೀಳ್ತೀನೇನೋ ಅನ್ನೋ ಭಯ ಇನ್ನೊಂದು

ನಮ್ಮತ್ತೆಗೆ 78 ವರ್ಷ. ಇವತ್ತಿನವರೆಗೂ ಒಂದು ಸಲಾನೂ ಬಿದ್ದಿಲ್ಲ. ಬಿದ್ದಿದ್ದು ಎದುರುಮನೆ ಅಜ್ಜಿ. ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿಗೆ ಬಗ್ಗಿದಾಗ ಕಾಲು ಜಾರ್ತು. ಸೊಂಟದ ಮೂಳೆ ಮುರೀತು, ಆಪರೇಷನ್ ಆಯ್ತು, ವಾಕರ್ ಬಂತು. ಭಯ ಮಾತ್ರ ರಸ್ತೆ ದಾಟಿ ನಮ್ಮನೆಗೆ ಬಂತು.

ಅಲ್ಲೀವರೆಗೂ ಸಾಯಂಕಾಲ ಒಬ್ಬರೇ ದೇವಸ್ಥಾನಕ್ಕೆ ಹೋಗಿ, ಬರೋವಾಗ ದಂಟಿನ ಸೊಪ್ಪು ಹಿಡ್ಕೊಂಡು ಬರ್ತಿದ್ದೋರು. ಮೊದಲು ದೇವಸ್ಥಾನ ನಿಲ್ತು. ಆಮೇಲೆ ಸಂಡಿಗೆ ಒಣಗಿಸಕ್ಕೆ ಮಹಡಿ ಹತ್ತೋದು ನಿಲ್ತು. ಕೊನೆಗೆ ಹಾಲಿಂದ ಅಡುಗೆಮನೆಗೂ ಗೋಡೆ ಸವರ್ಕೊಂಡು ಬರೋ ಹಾಗಾಯ್ತು. ಕೆಂಗೇರಿಯಿಂದ ನಾದಿನಿ ದಿನಾ ಫೋನು: "ಅಮ್ಮನ್ನ ಓಡಾಡಕ್ಕೆ ಬಿಡ್ಬೇಡಿ ಅತ್ತಿಗೆ, ಕೂತಲ್ಲಿಗೇ ಕೊಟ್ಬಿಡಿ." ಪ್ರೀತಿಯಿಂದ್ಲೇ ಹೇಳ್ತಾಳೆ ಪಾಪ. ಮೂರು ತಿಂಗಳಲ್ಲಿ ಅತ್ತೆಗೆ ಕುರ್ಚಿಯಿಂದ ಏಳಕ್ಕೆ ಎರಡು ಕೈನೂ ಊರಬೇಕಾಯ್ತು.

ಕಾಲಿನ ವ್ಯಾಯಾಮ ಹೇಳಿಕೊಡಕ್ಕೆ ಬಂದ ಫಿಸಿಯೋಥೆರಪಿ ಹುಡುಗಿ ಬಿಡಿಸಿ ಹೇಳಿದ್ಲು. ಭಯಕ್ಕೆ ನಡಿಗೆ ಕಮ್ಮಿ ಮಾಡ್ತಾರೆ. ನಡೀದೆ ಇದ್ರೆ ತೊಡೆಯ ಮಾಂಸ ಕರಗುತ್ತೆ, ತೂಕ ತಪ್ಪದ ಹಾಗೆ ನಿಲ್ಲೋ ಅಭ್ಯಾಸ ಹೋಗುತ್ತೆ. ಮೈ ಬಿಗಿ ಹಿಡಿದು ಪುಟ್ಟ ಪುಟ್ಟ ಹೆಜ್ಜೆ ಇಡ್ತಾರೆ, ಆಗ್ಲೇ ಎಡವೋದು. ಒಂದು ಸಲಾನೂ ಬೀಳದೇ ಇರೋರಿಗೂ ಈ ಭಯ ಹಿಡಿಯುತ್ತಂತೆ. ನಮ್ಮನೇಲೇ ಸಾಕ್ಷಿ ಇದೆಯಲ್ಲ.

ಇದೇನು ಸಣ್ಣ ವಿಷಯ ಅಂದ್ಕೋಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯ್ತಾರೆ. ಆಕಸ್ಮಿಕ ಪೆಟ್ಟಿನ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ರೆ ಇದೇ ಎರಡನೇದು. ಅದ್ರಲ್ಲಿ ವಯಸ್ಸಾದೋರೇ ಜಾಸ್ತಿ.

ನಂಗೆ ಎಲ್ಲಕ್ಕಿಂತ ಆಶ್ಚರ್ಯ ಆಗಿದ್ದು ನೀರಿನ ವಿಷಯ. ರಾತ್ರಿ ಬಚ್ಚಲಿಗೆ ಏಳೋದು ಬೇಡ ಅಂತ ಅತ್ತೆ ಸಾಯಂಕಾಲ ಐದು ಗಂಟೆಯಿಂದ್ಲೇ ನೀರು ನಿಲ್ಲಿಸಿಬಿಟ್ಟಿದ್ರು, ಯಾರಿಗೂ ಹೇಳಿರ್ಲಿಲ್ಲ. ಬೆಳಗ್ಗೆ ಎದ್ದರೆ ತಲೆ ಸುತ್ತು. ಡಾಕ್ಟ್ರು ಮಲಗಿಸಿ ಒಂದು ಸಲ ಬಿಪಿ ನೋಡಿದ್ರು, ನಿಲ್ಲಿಸಿ ಇನ್ನೊಂದು ಸಲ. ಮೇಲಿನ ಸಂಖ್ಯೆ 20ಕ್ಕಿಂತ ಜಾಸ್ತಿ ಇಳಿದಿತ್ತು. ಮೈಯಲ್ಲಿ ನೀರು ಕಮ್ಮಿ, ಮೇಲೆ ಬಿಪಿ ಮಾತ್ರೆ. ಒಂದು ಮಾತ್ರೆ ಬದಲಾಯಿಸಿದ್ರು, ಎದ್ದ ತಕ್ಷಣ ನಡೀಬೇಡಿ, ಹಾಸಿಗೆ ಅಂಚಲ್ಲಿ ಒಂದೆರಡು ನಿಮಿಷ ಕೂತು ಏಳಿ ಅಂದ್ರು. ನಿಮ್ಮನೇಲೂ ಬಿಪಿ ಮಾತ್ರೆ, ನಿದ್ದೆ ಮಾತ್ರೆ ತಗೊಳೋರಿದ್ರೆ ಡಾಕ್ಟ್ರನ್ನ ಕೇಳಿ. ನೀವಾಗೇ ನಿಲ್ಲಿಸಬೇಡಿ. ಶುಗರ್ ಇರೋರ ಪಾದ ಜೋಮು ಹಿಡಿದಿರುತ್ತೆ, ಚಪ್ಪಲಿ ಕಳಚಿದ್ರೂ ಗೊತ್ತಾಗಲ್ಲ. ಹತ್ರ ದೂರ ಎರಡೂ ಕಾಣೋ ಕನ್ನಡಕ ಹಾಕ್ಕೊಂಡು ಮೆಟ್ಟಿಲು ಇಳಿಯೋವಾಗ ಕೆಳಗಿನ ಮೆಟ್ಟಿಲು ಮಂಜು ಮಂಜು.

ಇನ್ನು ನಮ್ಮ ಮನೆಗಳು! ರಾಜಾಜಿನಗರ, ವಿಜಯನಗರದ ಹಳೇ ಮನೆಗಳಲ್ಲಿ ಪ್ರತಿ ಬಾಗಿಲಿಗೂ ಹೊಸ್ತಿಲು, ಬಚ್ಚಲು ಒಂದು ಮೆಟ್ಟಿಲು ಕೆಳಗೆ. ಹೊಸದಾಗಿ ಕಟ್ಟಿಸಿದೋರು ಕನ್ನಡಿ ಥರ ಹೊಳೆಯೋ ಗ್ರಾನೈಟ್ ಹಾಕ್ಸಿರ್ತಾರೆ. ನೋಡಕ್ಕೆ ಚೆಂದ, ಒದ್ದೆ ಕಾಲಿಗೆ ಶತ್ರು. ನಾವು ಕಾಲೊರೆಸೋ ಹಳೇ ಸೀರೆ ಮ್ಯಾಟುಗಳನ್ನೆಲ್ಲ ತೆಗೆದು, ಕೆಳಗೆ ರಬ್ಬರ್ ಇರೋದು ಹಾಕಿದ್ವಿ. ಬಚ್ಚಲಲ್ಲಿ ಗೋಡೆಗೆ ಸ್ಟೀಲ್ ಹಿಡಿ ಕೂರಿಸಿದ್ವಿ. ಟವೆಲ್ ಹಾಕೋ ಕಂಬಿ ಹಿಡ್ಕೊಳೋ ಅಭ್ಯಾಸ ಮಾಡಿಸ್ಬೇಡಿ, ಅದು ಮನುಷ್ಯರ ಭಾರ ತಡೆಯಲ್ಲ. ರಾತ್ರಿಗೆ ಒಂದು ಸಣ್ಣ ಬಲ್ಬು. ಆಚೆ ಫುಟ್‌ಪಾತ್ ಮಾತ್ರ ನಮ್ಮ ಕೈಲಿಲ್ಲ. ಚಪ್ಪಡಿ ಒಂದು ಮೇಲೆ ಒಂದು ಕೆಳಗೆ, ಪ್ರತಿ ಗೇಟಿಗೂ ಕಾರಿಗೊಂದು ಇಳಿಜಾರು. ವಯಸ್ಸಾದೋರು ರೋಡಲ್ಲೇ ನಡೀತಾರೆ, ಇನ್ನೇನು ಮಾಡ್ತಾರೆ?

ಆದ್ರೆ ಹಿಡಿ, ಮ್ಯಾಟು ಎಲ್ಲಕ್ಕಿಂತ ಕೆಲ್ಸ ಮಾಡಿದ್ದು ವ್ಯಾಯಾಮ. ಕೈ ಊರದೆ ಕುರ್ಚಿಯಿಂದ ಐದು ಸಲ ಏಳೋದು. ಅಡುಗೆ ಕಟ್ಟೆ ಹಿಡ್ಕೊಂಡು ಹಿಮ್ಮಡಿ ಎತ್ತೋದು, ಆಮೇಲೆ ಒಂದೇ ಕಾಲಲ್ಲಿ ನಿಲ್ಲೋದು. 2019ರಲ್ಲಿ ಕೊಕ್ರೇನ್ ಅನ್ನೋ ಸಂಶೋಧಕರ ಸಂಸ್ಥೆ ನೂರಕ್ಕೂ ಹೆಚ್ಚು ಅಧ್ಯಯನ ಒಟ್ಟುಗೂಡಿಸಿ ನೋಡಿದಾಗ, ವ್ಯಾಯಾಮ ಮಾಡೋ ಹಿರಿಯರಲ್ಲಿ ಬೀಳೋದು ಹೆಚ್ಚುಕಡಿಮೆ ಕಾಲು ಭಾಗ ತಗ್ಗಿತ್ತು ಅಂತ ಮಗಳು ಓದಿ ಹೇಳಿದ್ಲು. ಅತ್ತೆ ಮೊದಮೊದಲು "ಈ ವಯಸ್ಸಲ್ಲಿ ನಂಗೇನೇ ಡ್ರಿಲ್ಲು" ಅಂತ ಬೈದ್ರು. ಈಗ ನಾನು ಒಗ್ಗರಣೆ ಹಾಕೋವಾಗ ಪಕ್ಕದಲ್ಲಿ ನಿಂತು ಹಿಮ್ಮಡಿ ಎತ್ತುತ್ತಾ ಉಪ್ಪು ಕಮ್ಮಿ ಅಂತಾರೆ. ನಾದಿನೀಗೂ ಫೋನಲ್ಲಿ ಹೇಳ್ಕೊಟ್ಟಿದ್ದಾರೆ. ಮೊನ್ನೆ ಶ್ರಾವಣ ಶನಿವಾರ ನನ್ನ ತೋಳು ಹಿಡಿದು ದೇವಸ್ಥಾನಕ್ಕೆ ಬಂದ್ರು. ಒಬ್ಬರೇ ಹೋಗೋ ಧೈರ್ಯ ಇನ್ನೂ ಬಂದಿಲ್ಲ.

ಇನ್ನೊಂದು ಮಾತು. ಯಾರಾದ್ರೂ ಬಿದ್ದರೆ ಗಾಬರಿಯಿಂದ ರಟ್ಟೆ ಹಿಡಿದು ಎಳೆದೆತ್ತಬೇಡಿ. ಮೊದಲು ಎಲ್ಲಿ ನೋವು ಅಂತ ಕೇಳಿ. ಸೊಂಟ, ಕುತ್ತಿಗೆ, ಬೆನ್ನು ಅಂದ್ರೆ, ತಲೆಗೆ ಜೋರಾಗಿ ಪೆಟ್ಟು ಬಿದ್ದಿದ್ರೆ, ಹಾಗೇ ಮಲಗಿಸಿ, ಹೊದಿಸಿ, 108ಕ್ಕೆ ಫೋನ್ ಮಾಡಿ. ನೋವೇನಿಲ್ಲ ಅಂದ್ರೆ ಪಕ್ಕಕ್ಕೆ ಹೊರಳಿಸಿ, ಮಂಡಿ ಮೇಲೆ ಬರಿಸಿ, ಮುಂದೆ ಗಟ್ಟಿ ಕುರ್ಚಿ ಇಡಿ, ಅವರೇ ಅದನ್ನ ಊರ್ಕೊಂಡು ಏಳ್ಲಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತೆ.