ಜೋನಿ ಬೆಲ್ಲದ ರಾತ್ರಿ

ಶಿವರಾತ್ರಿ ಹತ್ತಿರ ಬಂದರೂ ಬೆಳಗಿನ ಜಾವದ ಚಳಿ ಇನ್ನೂ ಬಿಡದಿರುವ ದಿನಗಳಲ್ಲಿ, ಸಿದ್ದಾಪುರದ ಕಡೆಯ ನಮ್ಮೂರಿನಲ್ಲಿ ಆಲೆಮನೆ ಶುರುವಾಗುತ್ತಿತ್ತು. ಗದ್ದೆಯ ಮೂಲೆಯಲ್ಲೊಂದು ಚಪ್ಪರ, ಅದರ ಮುಂದೆ ಗಾಣ, ಗಾಣಕ್ಕೆ ಕಟ್ಟಿದ ಕೋಣ, ಪಕ್ಕದಲ್ಲಿ ನೆಲ ತೋಡಿ ಮಾಡಿದ ಒಲೆ, ಒಲೆಯ ಮೇಲೆ ದೊಡ್ಡ ಕೊಪ್ಪರಿಗೆ. ಗಾಣ ತಿರುಗುವ ಕಿರ್ರೆನ್ನುವ ಸದ್ದು ಅಡಿಕೆ ತೋಟ ದಾಟಿ ಮನೆಯ ಜಗಲಿಯವರೆಗೆ ಬರುತ್ತಿತ್ತು. ಅದು ಕಿವಿಗೆ ಬಿದ್ದ ಮೇಲೆ ಮಕ್ಕಳಿಗೆ ಶಾಲೆಯಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ.

ನಾನು ಹೇಳುತ್ತಿರುವುದು 1988ರ ಮಾತು. ನನಗಾಗ 11 ವರ್ಷ.

ನಮ್ಮ ಕಡೆ ಕಬ್ಬಿನ ರಸ ಎನ್ನುವುದಿಲ್ಲ, ಕಬ್ಬಿನ ಹಾಲು ಎನ್ನುತ್ತಾರೆ. ಆಲೆಮನೆಗೆ ಬಂದವರು ಯಾರೇ ಇರಲಿ, ದಾರಿಹೋಕರೇ ಇರಲಿ, ಹಾಲು ಕುಡಿಯದೆ ಹೋಗುವಂತಿಲ್ಲ. ದುಡ್ಡಿನ ಮಾತೇ ಇಲ್ಲ. ಮೊದಲ ದಿನ ಶಾಲೆ ಬಿಟ್ಟವನೇ ಪಾಟಿಚೀಲ ಜಗಲಿಗೆ ಎಸೆದು ಓಡಿದೆ. ಚಿಕ್ಕಪ್ಪನ ಮಗ ಆಗಲೇ ಅಲ್ಲಿದ್ದ. ಯಾರು ಹೆಚ್ಚು ಕುಡಿಯುತ್ತಾರೆ ಎಂದು ಇಬ್ಬರಿಗೂ ಪಂಥ ಬಿತ್ತು.

ಮೊದಲ ಲೋಟ ನನಗೆ ಚೆನ್ನಾಗಿ ನೆನಪಿದೆ. ನಿಂಬೆಹಣ್ಣು ಹಿಂಡಿ, ಶುಂಠಿ ಜಜ್ಜಿ ಹಾಕಿದ ತಣ್ಣನೆಯ ಹಾಲು. ಗಂಟಲಿಳಿಯುವಾಗ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಎರಡನೆಯದೂ ಚೆನ್ನಾಗಿತ್ತು. ನಾಲ್ಕನೆಯ ಲೋಟದ ಹೊತ್ತಿಗೆ ಸಿಹಿ ಎನ್ನುವುದು ನಾಲಿಗೆಗೆ ತಿಳಿಯುವುದೇ ನಿಂತಿತ್ತು. ಆದರೂ ಕುಡಿದೆ. ಕುಡಿದದ್ದು ರುಚಿಗಲ್ಲ, ಮೊದಲ ಲೋಟದ ರುಚಿ ಮತ್ತೆ ಸಿಕ್ಕೀತು ಎಂಬ ಆಸೆಗೆ. ಒಂಬತ್ತು ಲೋಟ ಮುಗಿಸಿ ಪಂಥ ಗೆದ್ದೆ. ಮೇಲಿಂದ ಮಂಡಕ್ಕಿ, ಮೆಣಸಿನಕಾಯಿ ಭಜ್ಜಿ. ಆ ರಾತ್ರಿಯಿಡೀ ಹೊಟ್ಟೆ ಹಿಡಿದುಕೊಂಡು ಹೊರಳಾಡಿದೆ. ಆಯಿ ಓಮದ ಕಷಾಯ ಕುಡಿಸಿ ಬೆನ್ನು ನೀವುತ್ತ ಕೂತಿದ್ದಳು.

ಮರುದಿನ ಸಂಜೆ ಅಪ್ಪ ನನ್ನನ್ನು ಕರೆದು ಹೇಳಿದ: "ಇವತ್ತು ನೀನು ಕುಡಿಯಲಿಕ್ಕೆ ಹೋಗುವುದಲ್ಲ. ಒಲೆ ನೋಡಿಕೊಳ್ಳಲಿಕ್ಕೆ ಹೋಗುವುದು."

ಒಲೆಯ ಹತ್ತಿರ ಇದ್ದವರು ಪಾಕ ನೋಡುವ ಹಿರಿಯರು. ಊರಿನ ಆಲೆಮನೆಗಳಿಗೆಲ್ಲ ಅವರೇ ಬೇಕು. ನಾವು ಮಕ್ಕಳು ಅವರನ್ನು ಪಾಕದಜ್ಜ ಎನ್ನುತ್ತಿದ್ದೆವು. ತಲೆಗೆ ಕಂಬಳಿ ಕೊಪ್ಪೆ ಹಾಕಿ, ಕೈಯಲ್ಲಿ ಉದ್ದ ಹಿಡಿಕೆಯ ಸೌಟು ಹಿಡಿದು, ಕೊಪ್ಪರಿಗೆಯಿಂದ ಕಣ್ಣು ತೆಗೆಯದೆ ಕೂತಿದ್ದರು. ನನ್ನನ್ನು ಕಂಡು, "ಬಾ ತಮಾ, ಕೂತ್ಕೋ. ನಾನು ಹೇಳ್ದಾಗ ಸಿಪ್ಪೆ ಹಾಕು, ಹೇಳ್ದಾಗ ನಿಲ್ಸು" ಎಂದರು. ಹಾಲು ಹಿಂಡಿ ಉಳಿದ ಕಬ್ಬಿನ ಸಿಪ್ಪೆಯನ್ನು ಒಣಗಿಸಿ ರಾಶಿ ಹಾಕಿದ್ದರು. ಅದೇ ಒಲೆಗೆ ಉರುವಲು.

ಕೊಪ್ಪರಿಗೆಯ ಕೆಲಸ ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಹಾಲು ಬಿಸಿಯಾಗುತ್ತಿದ್ದಂತೆ ಚೂರು ಸುಣ್ಣದ ನೀರು ಬೀಳುತ್ತದೆ. ಕಸವೆಲ್ಲ ಕಪ್ಪು ಕೆನೆಯಾಗಿ ಮೇಲೆ ಬರುತ್ತದೆ. ಅದನ್ನು ಮತ್ತೆ ಮತ್ತೆ ತೆಗೆಯಬೇಕು. ಆಮೇಲೆ ಕುದಿ. ಮೊದಲು ಸಣ್ಣ ಗುಳ್ಳೆ, ಬಿಳಿ ನೊರೆ. ಗಂಟೆಗಳು ಕಳೆದಂತೆ ನೊರೆಗೆ ಹೊಂಬಣ್ಣ. ಕೊನೆಗೆ ದೊಡ್ಡ ಗುಳ್ಳೆಗಳು ನಿಧಾನವಾಗಿ ಎದ್ದು, ಬಾಯಿ ಬಿಟ್ಟು, ಪುಸ್ ಎಂದು ಮುಚ್ಚಿಕೊಳ್ಳುತ್ತವೆ. ಅಲ್ಲಿಂದ ಮುಂದೆ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಗಟ್ಟಿಯಾಗದೆ ದ್ರವವಾಗಿಯೇ ಉಳಿಯುವ ಜೋನಿ ಬೆಲ್ಲಕ್ಕೆ ಪಾಕದ ಕಾವು ಸುಮಾರು 105 ಡಿಗ್ರಿ, ಅಚ್ಚು ಬೆಲ್ಲಕ್ಕೆ ಸುಮಾರು 118 ಡಿಗ್ರಿ ಎಂದು ಬಹಳ ವರ್ಷಗಳ ಮೇಲೆ ಓದಿದೆ. ಅಜ್ಜ ಉಷ್ಣಮಾಪಕ ಕಂಡವರಲ್ಲ. ಒಂದು ಹನಿಯನ್ನು ತಣ್ಣೀರಿನ ಬಟ್ಟಲಿಗೆ ಬಿಟ್ಟು, ಎರಡು ಬೆರಳಲ್ಲಿ ಹಿಡಿದು, ಎಳೆ ನೋಡಿ ತಲೆಯಾಡಿಸುತ್ತಿದ್ದರು. "ಇನ್ನೂ ಬೇಕು."

ನಡುರಾತ್ರಿಯ ಹೊತ್ತಿಗೆ ಚಪ್ಪರದ ಆಚೆ ಭಜ್ಜಿ ಕರಿಯುವ ಪರಿಮಳ ಬಂತು. ಗೆಳೆಯರ ನಗು ಕೇಳಿಸಿತು. ಒಂದು ಕಂತೆ ಸಿಪ್ಪೆಯನ್ನು ಒಟ್ಟಿಗೇ ಒಲೆಗೆ ತುರುಕಿ ಓಡಿದೆ. ಎರಡು ಭಜ್ಜಿ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಹಿಂದಿನಿಂದ ಕೂಗು. ಉರಿ ಹೆಚ್ಚಾಗಿ ಪಾಕ ಉಕ್ಕಿ ಕೊಪ್ಪರಿಗೆಯ ಅಂಚಿಗೆ ಬಂದಿತ್ತು. ಅಜ್ಜ ಸೌಟಿನಿಂದ ಎತ್ತಿ ಎತ್ತಿ ಹೊಯ್ದು ಅದನ್ನು ಇಳಿಸುತ್ತಿದ್ದರು. ಸಿಡಿದ ಪಾಕ ಅವರ ಮೊಣಕೈ ಮೇಲೆ ಬಿದ್ದು ರೂಪಾಯಿಯಗಲ ಚರ್ಮ ಕೆಂಪಾಗಿತ್ತು. ಒಂದು ಬೈಗುಳವೂ ಬರಲಿಲ್ಲ. ನಾನೇ ಅತ್ತುಬಿಟ್ಟೆ.

ಉರಿ ಸಣ್ಣದಾದ ಮೇಲೆ ಅವರು ಚಪ್ಪರದ ಗೂಟಕ್ಕೆ ಸಿಕ್ಕಿಸಿದ್ದ ಒಂದು ಗಿಂಡಿ ತೋರಿಸಿದರು. ಹಿಂದಿನ ಸಂಜೆ ಯಾರೋ ಕುಡಿದು ಬಿಟ್ಟ ಹಾಲು ಅದರಲ್ಲಿತ್ತು. "ಮೂಸು" ಎಂದರು. ಹುಳಿ ನಾತ. ಆಮೇಲೆ ಮೂಲೆಯಲ್ಲಿದ್ದ ಹಳೆಯ ಡಬ್ಬ ತೆಗೆದು, ಕಳೆದ ವರ್ಷದ ಜೋನಿಯನ್ನು ಬೆರಳಿಗೆ ಹಚ್ಚಿದರು. ನೆಕ್ಕಿದೆ. ಸಿಹಿ ಹಾಗೇ ಇತ್ತು.

"ಎರಡೂ ಒಂದೇ ಕಬ್ಬಿಂದು ತಮಾ. ಇದರ ಹತ್ರ ರಾತ್ರಿ ಯಾರೋ ಕೂತಿದ್ರು. ಅಷ್ಟೇ."

ಅಂದು ನಾನು ಮತ್ತೆ ಏಳಲಿಲ್ಲ. ಕೋಣದ ಕೊರಳ ಗಂಟೆಯ ಸದ್ದು, ಬೆನ್ನಿಗೆ ಚಳಿ, ಮುಖಕ್ಕೆ ಬೆಂಕಿಯ ಕಾವು. ಅಜ್ಜ ಹೇಳಿದಾಗ ಹಿಡಿ ಸಿಪ್ಪೆ, ನಿಲ್ಲಿಸು ಎಂದಾಗ ನಿಲ್ಲಿಸುವುದು. ಒಂದು ಹಂತದಲ್ಲಿ ಅವರು ಹೇಳುವ ಮೊದಲೇ ಗುಳ್ಳೆ ನೋಡಿ ನನಗೆ ಗೊತ್ತಾಗತೊಡಗಿತು. ಕೋಳಿ ಕೂಗುವ ಹೊತ್ತಿಗೆ ಅವರು ಎಳೆ ಹಿಡಿದು ನೋಡಿ, ಬಟ್ಟಲನ್ನು ನನ್ನ ಕೈಗೆ ಕೊಟ್ಟರು. "ನೀನು ಹೇಳು." ನಾನು ಬೆರಳಲ್ಲಿ ಹಿಡಿದೆ. "ಬಂತು ಅಜ್ಜಾ" ಎಂದೆ. "ಇಳಿಸ್ರೋ" ಎಂದು ಅವರು ಕೂಗಿದಾಗ ಎದೆಯೊಳಗೆ ಏನಾಯಿತೆಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ಒಂಬತ್ತು ಲೋಟ ಕುಡಿದು ಗೆದ್ದಾಗ ಹಾಗೆ ಆಗಿರಲಿಲ್ಲ.

ಬೆಳಿಗ್ಗೆ ಒಂದು ತಂಬಿಗೆ ಬಿಸಿ ಜೋನಿ ಕೊಟ್ಟು, ತೋಟದ ಕೆಳಗಿನ ಮನೆಯ ಅಮ್ಮಮ್ಮನಿಗೆ ಕೊಟ್ಟು ಬಾ ಎಂದರು. ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು ಆಕೆಗೆ. ಆಲೆಮನೆಗೆ ಬರಲಾಗದು. ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡಳು. ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಹದ ರಾಶಿ ಚೊಲೋ ಬಂಜು ತಮಾ" ಎಂದಳು. ಬೆಂಕಿ ನೋಡಿಕೊಂಡವನು ನಾನು ಎಂದೆ. ಆಕೆ ನನ್ನ ಮಸಿ ಹಿಡಿದ ಅಂಗೈಯನ್ನು ತನ್ನ ಎರಡೂ ಕೈಗಳಲ್ಲಿ ಇಟ್ಟುಕೊಂಡು ಕೂತಳು.

ಆಮೇಲೆ ನಾನು ಓದಿದೆ, ಬೆಂಗಳೂರಿಗೆ ಬಂದೆ, ಸಂಬಳ ಎಣಿಸಿದೆ. ಬೈಕು ಕೊಂಡೆ, ಕಾರು ಕೊಂಡೆ, ಮನೆ ಕಟ್ಟಿದೆ. ಒಂದೊಂದೂ ಮೊದಲ ಲೋಟದ ಹಾಗೆ ಸಿಹಿಯಾಗಿತ್ತು, ಒಂದೊಂದೂ ನಾಲ್ಕನೆಯ ಲೋಟವಾಗಲು ಹೆಚ್ಚು ದಿನ ಹಿಡಿಯಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರು ಲಾಟರಿ ಗೆದ್ದ 22 ಜನರನ್ನು ಮಾತಾಡಿಸಿ 1978ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಓದಿದಾಗ ನನಗೆ ಆ ಪಂಥ ನೆನಪಾಯಿತು. ಗೆದ್ದವರು ಉಳಿದವರಿಗಿಂತ ಹೆಚ್ಚು ಸುಖವಾಗಿರಲಿಲ್ಲ. ಗೆಳೆಯರ ಜೊತೆ ಮಾತು, ಬೆಳಗಿನ ತಿಂಡಿಯಂಥ ದಿನದಿನದ ಸಂತೋಷಗಳಲ್ಲಿ ಅವರಿಗೆ ಸಿಗುತ್ತಿದ್ದ ರುಚಿ ಇತರರಿಗಿಂತ ಕಡಿಮೆಯಾಗಿತ್ತು. ಅವರದೂ ನನ್ನಂಥದೇ ನಾಲಿಗೆ.

ಕಠೋಪನಿಷತ್ತಿನಲ್ಲಿ ಯಮ ನಚಿಕೇತನಿಗೆ ಆನೆ, ಕುದುರೆ, ಚಿನ್ನ, ಬೇಕಾದಷ್ಟು ಆಯುಷ್ಯ ಎಲ್ಲವನ್ನೂ ಮುಂದಿಡುತ್ತಾನೆ. ಹುಡುಗ ಬೇಡವೆನ್ನುತ್ತಾನೆ. ಆಗ ಯಮ ಪ್ರೇಯಸ್ಸು, ಶ್ರೇಯಸ್ಸು ಎಂಬ ಎರಡು ದಾರಿಗಳ ಮಾತು ಹೇಳುತ್ತಾನೆ. ಪ್ರಿಯವಾದದ್ದು ಒಂದು, ಒಳ್ಳೆಯದು ಇನ್ನೊಂದು. ಇದನ್ನು ಓದಿ ನಾನು ಬಹಳ ದಿನ, ಸಿಹಿಯನ್ನೆಲ್ಲ ಬಿಡಬೇಕೆಂದು ಇದರ ಅರ್ಥವಿರಬಹುದೆಂದು ಅಂಜಿದ್ದೆ. ಆದರೆ ಪಾಕದಜ್ಜ ಕಬ್ಬಿನ ಹಾಲನ್ನು ಎಂದೂ ಹೀಗಳೆದವರಲ್ಲ. ಸಂಜೆಯಾದರೆ ತಾವೂ ಒಂದು ಲೋಟ ಕುಡಿಯುತ್ತಿದ್ದರು. ಒಂದೇ ಲೋಟ, ನಿಧಾನವಾಗಿ.

ಬೆಲ್ಲ ಯಾಕೆ ಬೇಗ ಕೆಡುವುದಿಲ್ಲ ಎಂಬುದಕ್ಕೆ ಕಾರಣ ಸರಳ. ಕಾಸಿ ಕಾಸಿ ಬಹುಪಾಲು ನೀರು ಹೋಗಿರುತ್ತದೆ. ಹುಳಿ ಬರಿಸುವ ಜೀವಿಗಳಿಗೆ ಅದರಲ್ಲಿ ಬದುಕಲು ನೀರು ಸಾಲುವುದಿಲ್ಲ. ಸುಖದಲ್ಲಿಯೂ ಬೇಗ ಹುಳಿಯಾಗುವ ನೀರಿನ ಪಾಲು ಒಂದಿದೆ. ನನಗೆ, ಇನ್ನೂ, ಈಗಲೇ ಎನ್ನುವುದು ಅದು. ಒಂದು ಕೆಲಸದ ಮುಂದೆ ರಾತ್ರಿಯೆಲ್ಲ ಕೂತಾಗ, ಅದನ್ನು ಇನ್ನೊಬ್ಬರ ಮನೆಗೆ ಒಯ್ದು ಕೊಟ್ಟಾಗ ಆ ನೀರು ಆರುತ್ತದೆ. ಉಳಿದದ್ದು ಆನಂದ. ಅಂದು ಕುಡಿದ ಹಾಲಿನಲ್ಲಿ ನೆನಪಿರುವುದು ಒಂದು ಲೋಟ ಮಾತ್ರ. ಅಮ್ಮಮ್ಮನ ಕೈಯ ಬಿಸಿ ಈಗಲೂ ಅಂಗೈಯಲ್ಲಿದೆ.

ನಮ್ಮೂರಿನ ಆ ಗದ್ದೆಯಲ್ಲಿ ಈಗ ಅಡಿಕೆ ತೋಟವಿದೆ. ಆದರೂ ಆ ಸೀಮೆಯಲ್ಲಿ ಅಲ್ಲಲ್ಲಿ ಇನ್ನೂ ಆಲೆಮನೆ ನಡೆಯುತ್ತದೆ. ಈ ಸಲ ನಿಮಗೆ ಕರೆ ಬಂದರೆ ಹೋಗಿ. ಒಂದು ಲೋಟ ಹಾಲು ಮನಸಾರೆ ಕುಡಿಯಿರಿ. ಆಮೇಲೆ ಗಾಡಿ ಹತ್ತಬೇಡಿ. ಮಕ್ಕಳನ್ನು ಕರೆದುಕೊಂಡು ಒಲೆಯ ಹತ್ತಿರ ಕೂತು, ಪಾಕ ಇಳಿಯುವವರೆಗೆ ಇರಿ.