ಅಪ್ಪ ಮತ್ತೆ ಪೆನ್ನು ಹಿಡಿದಿದ್ದರು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಟಿ.ಬಿ. ಡ್ಯಾಂನಲ್ಲಿರೋ ಅಪ್ಪನ ಲ್ಯಾಪ್‌ಟಾಪ್ ಹಳೇದು, ವಿಂಡೋಸ್ 11 ಹಾಕೋಕೆ ಬರಲ್ಲ. ದೀಪಾವಳಿಗೆ ಹೋದಾಗ ಲಿನಕ್ಸ್ ಹಾಕಿಕೊಟ್ಟೆ. ಫಾಸ್ಟ್ ಆಯ್ತು, ಖರ್ಚೂ ಇಲ್ಲ. ಹೆಮ್ಮೆಯಿಂದಲೇ ಬೆಂಗಳೂರು ಬಸ್ ಹತ್ತಿದೆ.

ಸಂಕ್ರಾಂತಿಗೆ ಬಂದರೆ ಲ್ಯಾಪ್‌ಟಾಪ್ ಮೇಲೆ ಧೂಳು. ಓಣಿಯವರಿಗೆ ಅರ್ಜಿ ಟೈಪ್ ಮಾಡಿಕೊಡುತ್ತಿದ್ದ ಅಪ್ಪ ಮತ್ತೆ ಪೆನ್ನು ಹಿಡಿದಿದ್ದರು.

"ಅದ್ರಾಗ ಕನ್ನಡ ಸರಿಯಾಗಿ ಬರವಲ್ದು. ನಿನಗ್ಯಾಕ ತ್ರಾಸು ಕೊಡಬೇಕಂತ ಸುಮ್ನಾದೆ" ಅಂದರು.

ಕಾರಣ ಸಣ್ಣದು. ಅಪ್ಪನ ಬೆರಳಿಗೆ ರೂಢಿ ಇರೋದು ನುಡಿಯ ಕಗಪ ಕೀಲಿಮಣೆ. ನಾನು ಸೆಟ್ಟಿಂಗ್ಸ್‌ನಲ್ಲಿ ಬರೀ 'ಕನ್ನಡ' ಅಂತಿದ್ದದ್ದನ್ನು ಆರಿಸಿದ್ದೆ. ಅದು ಇನ್‌ಸ್ಕ್ರಿಪ್ಟ್. ಎಂ ಒತ್ತಿದರೆ 'ಮ' ಬದಲು 'ಸ' ಬರುತ್ತೆ. ಕಗಪವೂ ಅದೇ ಪಟ್ಟಿಯಲ್ಲಿತ್ತು, ಆದರೆ ಹೆಸರು ಇಂಗ್ಲಿಷಿನಲ್ಲಿ. ಎರಡು ನಿಮಿಷದಲ್ಲಿ ಸರಿಹೋಯಿತು. ಅಪ್ಪ ಮಾತ್ರ ಮೂರು ತಿಂಗಳು ಸುಮ್ಮನಿದ್ದರು.

ಇಂಥದ್ದನ್ನು ನಾವು ಎಂಜಿನಿಯರ್‌ಗಳು 'ಪಾಲಿಶ್' ಅಂತೀವಿ, ಕೊನೆಗೆ ನೋಡಿದರಾಯಿತು ಅಂತ ಬಿಡ್ತೀವಿ. 2024ರ ಆಗಸ್ಟ್‌ನಲ್ಲಿ ನಮ್ಮ ಡ್ಯಾಂನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತಲ್ಲ, ತುಂಡಾಗಿದ್ದು ಅದರ ಚೈನು. ಅಣೆಕಟ್ಟು ಗಟ್ಟಿಯಾಗೇ ನಿಂತಿತ್ತು. ಲಿನಕ್ಸ್ ಕೂಡ ಒಳಗೆ ಗಟ್ಟಿಯೇ. ಜನರ ಕೈಗೆ ಸಿಗೋ ಕಡೆಯೇ ತುಂಡಾಗೋದು.

ಹತ್ತು ವರ್ಷದಿಂದ ಓಪನ್ ಸೋರ್ಸನ್ನು ಹೊಗಳುತ್ತಾ ಬಂದವನು ನಾನು. ಒಂದು ಸಾಲು ಅನುವಾದವನ್ನೂ ಕೊಟ್ಟಿರಲಿಲ್ಲ. ಅವತ್ತು ರಾತ್ರಿ ಮೊದಲ ಬಗ್ ರಿಪೋರ್ಟ್ ಬರೆದೆ.

ನೀವೂ ಮನೇಲಿ ಯಾರಿಗಾದರೂ ಲಿನಕ್ಸ್ ಹಾಕಿಕೊಟ್ಟರೆ, ಬ್ಯಾಗ್ ಹೆಗಲಿಗೇರಿಸೋ ಮೊದಲು ಅವರ ಕೈಯಲ್ಲೇ ಒಂದು ಪತ್ರ ಟೈಪ್ ಮಾಡಿಸಿ. ಪಕ್ಕದಲ್ಲಿ ಕೂತು ನೋಡಿ, ಮೌಸ್ ಮುಟ್ಟಬೇಡಿ.