ಕಲ್ಪೆಟ್ಟ: ಮೈಸೂರಿನ ದಾರಿಯಲ್ಲಿ ಒಂದು ದಿನ ಇಳಿಯಬೇಕಾದ ಊರು

ಕೊಚ್ಚಿಯಲ್ಲಿರುವ ನಮ್ಮಂಥ ಕನ್ನಡಿಗರಿಗೆ ಕಲ್ಪೆಟ್ಟ ಎಂದರೆ ಬಸ್ಸಿನ ಕಿಟಕಿಯಲ್ಲಿ ಬಂದು ಹೋಗುವ ಊರು. ಹಬ್ಬಕ್ಕೋ ಮದುವೆಗೋ ಮೈಸೂರಿಗೆ ಹೊರಟರೆ ಪಾಲಾರಿವಟ್ಟಂನಲ್ಲಿ ಬಸ್ ಹತ್ತುತ್ತೇವೆ, ಕೋಝಿಕ್ಕೋಡು ದಾಟುತ್ತೇವೆ, ಘಾಟಿ ಹತ್ತುವಾಗ ಮಕ್ಕಳಿಗೆ ವಾಂತಿ ಬಾರದಿರಲಿ ಎಂದು ನಿಂಬೆಹಣ್ಣು ಮೂಸಿಸುತ್ತೇವೆ. ಅಷ್ಟರಲ್ಲಿ ಕಲ್ಪೆಟ್ಟ ಕಳೆದು ಬತ್ತೇರಿ ಬಂದಿರುತ್ತದೆ. ಮುಂದೆ ಬಂಡೀಪುರ, ಗುಂಡ್ಲುಪೇಟೆ, ಮನೆ.

ನಮ್ಮ ಆಫೀಸಿನ ಗೆಳೆಯರೊಬ್ಬರು ಕೆಲಸದ ಮೇಲೆ ಚೀನಾದ ಕುನ್‌ಮಿಂಗ್‌ಗೆ ಹೋಗಿ ಬಂದಿದ್ದರು. ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದ ಊರು, ಯುನ್ನಾನ್ ಪ್ರಾಂತ್ಯದ ರಾಜಧಾನಿ. ಆ ಪ್ರಾಂತ್ಯದಲ್ಲಿ ಹಾನ್ ಚೀನೀಯರ ಜೊತೆಗೆ ಯೀ, ಬಾಯ್, ದಾಯ್, ನಾಶಿ ಹೀಗೆ ಎಷ್ಟೋ ಜನಾಂಗಗಳಿವೆ. ಒಂದೊಂದಕ್ಕೂ ಬೇರೆ ಭಾಷೆ, ಬೇರೆ ಉಡುಗೆ. ಊಟದ ಹೊತ್ತಿನಲ್ಲಿ ಅವರು ಮೊಬೈಲಿನಲ್ಲಿ ಫೋಟೋ ತೋರಿಸುತ್ತಾ, "ನಮ್ಮಲ್ಲಿ ಇಂಥ ಊರು ಎಲ್ಲಿದೆ ಹೇಳಿ" ಎಂದರು. ನನಗೆ ತಟ್ಟನೆ ನೆನಪಾದದ್ದು ಕಲ್ಪೆಟ್ಟ. ಕುನ್‌ಮಿಂಗ್ ದೊಡ್ಡ ಮಹಾನಗರ, ಇದು ಒಂದೇ ಮುಖ್ಯರಸ್ತೆಯ ಪುಟ್ಟ ಪಟ್ಟಣ. ಗಾತ್ರದಲ್ಲಿ ಹೋಲಿಕೆಯೇ ಇಲ್ಲ. ಆದರೆ ಬೆಟ್ಟ, ಹಲವು ಜನ, ಹಲವು ನುಡಿ ಎಂಬ ಲೆಕ್ಕದಲ್ಲಿ ನಮಗೆ ಹತ್ತಿರದ ಉದಾಹರಣೆ ಇದೇ. ಪಾಲಾರಿವಟ್ಟಂನಿಂದ ಸುಮಾರು 250 ಕಿಲೋಮೀಟರ್.

ಹಾಗಾಗಿ ಈ ಸಲ ಮೈಸೂರಿಗೆ ಟಿಕೆಟ್ ಮಾಡದೆ ಕಲ್ಪೆಟ್ಟಕ್ಕೇ ಮಾಡಿಸಿ ಮೂರು ದಿನ ಉಳಿದೆವು. ವಯನಾಡಿಗೆ ರೈಲಿಲ್ಲ. ಕೋಝಿಕ್ಕೋಡಿನವರೆಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಬಸ್ ಹಿಡಿಯುವುದು ಸುಲಭ. ಅಡಿವಾರದಿಂದ ತಾಮರಶ್ಶೇರಿ ಘಾಟಿ ಶುರು. ಒಂಬತ್ತು ಹೇರ್‌ಪಿನ್ ತಿರುವು ಮುಗಿದರೆ ಲಕ್ಕಿಡಿ. ಅಲ್ಲಿ ರಸ್ತೆ ಬದಿಯ ಮರವೊಂದಕ್ಕೆ ಸರಪಳಿ ಬಿಗಿದಿದೆ. ಘಾಟಿಯ ದಾರಿಯನ್ನು ಬ್ರಿಟಿಷ್ ಎಂಜಿನಿಯರನಿಗೆ ತೋರಿಸಿಕೊಟ್ಟವನು ಕರಿಂತಂಡನ್ ಎಂಬ ಪಣಿಯ ಜನಾಂಗದವನು. ಹೆಸರು ತನಗೊಬ್ಬನಿಗೇ ಇರಲಿ ಎಂದು ಆ ಎಂಜಿನಿಯರ್ ಅವನನ್ನು ಕೊಂದ. ಮುಂದೆ ಅವನ ಆತ್ಮ ದಾರಿಹೋಕರನ್ನು ಕಾಡಿದ್ದರಿಂದ ಸರಪಳಿ ಹಾಕಿ ಮರಕ್ಕೆ ಕಟ್ಟಿದರು. ಇದು ಅಲ್ಲಿನವರು ಹೇಳುವ ಐತಿಹ್ಯ. ನಡೆದಿದೆಯೋ ಇಲ್ಲವೋ, ವಯನಾಡಿನ ಬಾಗಿಲಲ್ಲೇ ಈ ಕತೆ ನಿಂತಿರುವುದಕ್ಕೆ ಅರ್ಥವಿದೆ. ದಾರಿ ತೋರಿಸಿದವರು ಒಬ್ಬರು, ದಾರಿಯ ಲಾಭ ಪಡೆದವರು ಇನ್ನೊಬ್ಬರು.

ಹೆಸರಿನಿಂದಲೇ ಶುರುಮಾಡೋಣ. 'ವಯಲ್' ಎಂದರೆ ಮಲಯಾಳದಲ್ಲಿ ಭತ್ತದ ಗದ್ದೆ. ವಯಲ್ ನಾಡೇ ವಯನಾಡು ಎನ್ನುವುದು ಹೆಚ್ಚಿನವರು ಒಪ್ಪುವ ವಿವರಣೆ. ಹೆಗ್ಗಡದೇವನಕೋಟೆ ಕಡೆಯ ಹಳಗನ್ನಡ ಶಾಸನಗಳಲ್ಲಿ ಇದೇ ಸೀಮೆಯ ಹೆಸರು 'ಬಯಲ್ನಾಡು'. ಕದಂಬರ ಒಂದು ಕವಲು ಇದನ್ನು ಆಳಿತು, ಆಮೇಲೆ ಹೊಯ್ಸಳರ ಕೈಗೆ ಬಂತು. ಮಲಯಾಳದ 'ವ' ನಮ್ಮಲ್ಲಿ 'ಬ' ಆಗುವುದನ್ನು ಕೊಚ್ಚಿಯಲ್ಲಿ ತರಕಾರಿ ಕೊಳ್ಳುವ ಯಾರೇ ಆದರೂ ಗಮನಿಸಿರುತ್ತಾರೆ. ವಾಳ ನಮ್ಮ ಬಾಳೆ, ವೇರು ನಮ್ಮ ಬೇರು, ವಾ ಅಂದರೆ ಬಾ. ಹಾಗೆಯೇ ವಯಲ್ ನಮ್ಮ ಬಯಲು. ಬೆಟ್ಟದ ಸೀಮೆಗೆ ಬಯಲಿನ ಹೆಸರೇಕೆ ಎಂದು ಮೊದಲು ವಿಚಿತ್ರ ಅನಿಸುತ್ತದೆ. ಅಲ್ಲಿ ನಿಂತು ನೋಡಿದರೆ ತಿಳಿಯುತ್ತದೆ: ಗುಡ್ಡ ಗುಡ್ಡಗಳ ನಡುವೆ ನೀರು ನಿಲ್ಲುವ ತಗ್ಗು, ಆ ತಗ್ಗಿನಲ್ಲೆಲ್ಲ ಗದ್ದೆ. ಗಂಧಕಶಾಲ, ಜೀರಕಶಾಲ ಎಂಬ ಪರಿಮಳದ ಅಕ್ಕಿ ಇಲ್ಲಿನದು. ಎರಡಕ್ಕೂ ಭೌಗೋಳಿಕ ಸೂಚಕ ಸಿಕ್ಕಿದೆ. ಆದರೆ ಈಗ ಎಷ್ಟೋ ಗದ್ದೆಗಳಲ್ಲಿ ನೇಂದ್ರ ಬಾಳೆ, ಕೆಲವು ಕಡೆ ಮಣ್ಣು ತುಂಬಿಸಿ ಕಟ್ಟಿದ ಅಂಗಡಿ. ಹಳೆಯ ಭತ್ತದ ತಳಿಗಳನ್ನು ಉಳಿಸಿಕೊಂಡು ಬಂದ ಕುರಿಚಿಯ ರೈತ ಚೆರುವಯಲ್ ರಾಮನ್ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅವರ ಹೆಸರಿನಲ್ಲೂ ವಯಲ್ ಇದೆ ನೋಡಿ.

ಆಡಳಿತದ ಲೆಕ್ಕದಲ್ಲಿ ಇದು ಹೊಸ ಜಿಲ್ಲೆ. 1980ರ ನವೆಂಬರ್ 1ರಂದು ಹುಟ್ಟಿತು. ಅದಕ್ಕೂ ಮೊದಲು ಉತ್ತರ ವಯನಾಡು ಕಣ್ಣೂರಿಗೆ, ದಕ್ಷಿಣ ವಯನಾಡು ಕೋಝಿಕ್ಕೋಡಿಗೆ ಸೇರಿತ್ತು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 8,17,420. ಇದರಲ್ಲಿ ಶೇ. 18ಕ್ಕಿಂತ ಹೆಚ್ಚು ಆದಿವಾಸಿಗಳು. ಕೇರಳದ ಬೇರೆ ಯಾವ ಜಿಲ್ಲೆಯಲ್ಲೂ ಈ ಪ್ರಮಾಣ ಇಲ್ಲ.

ಬೆಳಿಗ್ಗೆ ಕಲ್ಪೆಟ್ಟದ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ಚಹಾ ಹಿಡಿದು ಕೂತರೆ ಈ ಲೆಕ್ಕಕ್ಕೆ ಮುಖಗಳು ಸಿಗುತ್ತವೆ. ಎಸ್ಟೇಟಿನ ತಮಿಳು ಹೆಂಗಸರು, ತಿರುವಿದಾಂಕೂರಿನಿಂದ 1940ರ ದಶಕದ ಆಚೀಚೆ ಗುಳೆ ಬಂದು ಕಾಡು ಕಡಿದು ನೆಲೆಯೂರಿದ ಕ್ರೈಸ್ತ ರೈತರ ಮೊಮ್ಮಕ್ಕಳು, ಮಾಪಿಳ್ಳೆ ವ್ಯಾಪಾರಿಗಳು, ಪಣಿಯ, ಕುರಿಚಿಯ, ಮುಳ್ಳುಕುರುಮ ಊರುಗಳಿಂದ ಆಸ್ಪತ್ರೆಗೋ ತಾಲೂಕು ಆಫೀಸಿಗೋ ಬಂದವರು. ಕುರಿಚಿಯರು ಬಿಲ್ಲುಗಾರಿಕೆಗೆ ಹೆಸರಾದವರು. ಬ್ರಿಟಿಷರ ವಿರುದ್ಧ ಪಳಶ್ಶಿರಾಜ ನಡೆಸಿದ ಕಾಡುಯುದ್ಧದಲ್ಲಿ ತಲಕ್ಕಲ್ ಚಂದು ಎಂಬ ಕುರಿಚಿಯ ನಾಯಕ 1802ರಲ್ಲಿ ಪನಮರಂ ಕೋಟೆಯ ಮೇಲಿನ ದಾಳಿಯಲ್ಲಿ ಮುಂಚೂಣಿಯಲ್ಲಿದ್ದ. ಇದೇ ಸಮುದಾಯದ ಶ್ರೀಧನ್ಯಾ ಸುರೇಶ್ 2019ರಲ್ಲಿ ನಾಗರಿಕ ಸೇವಾ ಪರೀಕ್ಷೆ ಪಾಸಾದ ಕೇರಳದ ಮೊದಲ ಆದಿವಾಸಿ ಮಹಿಳೆಯಾದರು. ಆದರೆ 'ಆದಿವಾಸಿ' ಎಂಬ ಒಂದೇ ಪದದಲ್ಲಿ ಎಲ್ಲರನ್ನೂ ಕಟ್ಟಿಹಾಕುವಂತಿಲ್ಲ. ಕುರಿಚಿಯರಿಗೆ ತಲೆತಲಾಂತರದಿಂದ ಜಮೀನಿತ್ತು. ಪಣಿಯರಿಗೂ ಅಡಿಯರಿಗೂ ಇರಲಿಲ್ಲ. ಮಾನಂದವಾಡಿ ಹತ್ತಿರದ ವಳ್ಳಿಯೂರ್‌ಕಾವ್ ದೇವಿಯ ಜಾತ್ರೆಯಲ್ಲಿ ಜಮೀನುದಾರರು ಮುಂಗಡ ಕೊಟ್ಟು ಅವರನ್ನು ಒಂದು ವರ್ಷದ ದುಡಿಮೆಗೆ ಗೊತ್ತುಮಾಡಿಕೊಳ್ಳುತ್ತಿದ್ದರು. ಜಾತ್ರೆ ಈಗಲೂ ಮಾರ್ಚ್‌ನಲ್ಲಿ ನಡೆಯುತ್ತದೆ, ಆ ಪದ್ಧತಿ ಹೋಗಿದೆ. ಭೂಮಿಯ ಪ್ರಶ್ನೆ ಮಾತ್ರ ಹೋಗಲಿಲ್ಲ. ಅಡಿಯ ಸಮುದಾಯದ ಸಿ.ಕೆ. ಜಾನು ಮುಂದಾಳತ್ವದಲ್ಲಿ ಆದಿವಾಸಿಗಳು ಮುತ್ತಂಗ ಕಾಡಿನಲ್ಲಿ ಗುಡಿಸಲು ಹಾಕಿ ಕೂತದ್ದು, 2003ರ ಫೆಬ್ರವರಿ 19ರಂದು ಅಲ್ಲಿ ಗೋಲಿಬಾರ್ ಆದದ್ದು, ನಮ್ಮ ಮೈಸೂರು ಬಸ್ಸು ಹಾದುಹೋಗುವ ರಸ್ತೆಯ ಪಕ್ಕದಲ್ಲೇ.

ಇನ್ನು ನಮ್ಮ ಭಾಷೆಯ ವಿಷಯ. ಅಡಿಯರು ತಮ್ಮನ್ನು ರಾವುಳರು ಎಂದು ಕರೆದುಕೊಳ್ಳುತ್ತಾರೆ. ಕೊಡಗಿನಲ್ಲಿ ಅವರೇ ಯರವರು. ಕಾಟ್ಟುನಾಯ್ಕರನ್ನು ಗಡಿಯ ಈಚೆ ತೇನ್ ಕುರುಮರೆಂದೂ ಆಚೆ ಜೇನುಕುರುಬರೆಂದೂ ಕರೆಯುತ್ತಾರೆ. ಊರಾಳಿ ಕುರುಮರು ನಮ್ಮ ಬೆಟ್ಟಕುರುಬರ ಬಳಗ. ಕುಲುಮೆ, ಬಿದಿರು, ಮಡಕೆ ಕೆಲಸದಲ್ಲಿ ನುರಿತವರು. ಇವರ ಮನೆಮಾತುಗಳಿಗೆ ಲಿಪಿ ಇಲ್ಲ, ಆದರೆ ಕನ್ನಡದ ಹತ್ತಿರದ ಸಂಬಂಧ ಇದೆ. ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಮಾತಾಡುತ್ತಿದ್ದುದು ಮಲಯಾಳವಲ್ಲ, ನಾನು ಆಡುವ ಕನ್ನಡವೂ ಅಲ್ಲ. ಆದರೂ ಮೂರರಲ್ಲಿ ಒಂದು ಪದ ಹಿಡಿಯುತ್ತಿತ್ತು. ಗಡಿಯನ್ನು ಬಾವಲಿ ಹೊಳೆಗೆ ಗೆರೆ ಎಳೆದು ತೋರಿಸುವುದು ಸುಲಭ. ಅದೇ ಹೊಳೆಯ ಎರಡೂ ದಡದಲ್ಲಿ ನೆಂಟಸ್ತಿಕೆ ಇಟ್ಟುಕೊಂಡವರಿಗೆ ಆ ಗೆರೆ ಆಮೇಲೆ ಬಂದದ್ದು.

ಜೈನರ ಕತೆ ಇನ್ನೊಂದು. ಬತ್ತೇರಿಯನ್ನು ಟಿಪ್ಪು ಸುಲ್ತಾನನ ಫಿರಂಗಿಗಳಿಂದಾಗಿ ಸುಲ್ತಾನ್ ಬತ್ತೇರಿ ಎನ್ನುತ್ತಾರೆ. ಅದಕ್ಕೂ ಮೊದಲು ಗಣಪತಿವಟ್ಟಂ. ಜೈನರ ಬಾಯಲ್ಲಿ ಅದು 'ಹನ್ನೆರಡು ಬೀದಿ'. ಬೋರ್ಡಿನಲ್ಲಿ ಈ ಹೆಸರು ಓದಿದಾಗ ಮಗಳು, "ಅಪ್ಪ, ಇದು ಕನ್ನಡ ಅಲ್ವಾ?" ಎಂದಳು. ಅಪ್ಪಟ ಕನ್ನಡವೇ. ಅಲ್ಲಿನ ಕಲ್ಲಿನ ಬಸದಿ ವಿಜಯನಗರ ಶೈಲಿಯದು, ಈಗ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಟಿಪ್ಪುವಿನ ಸೇನೆ ಮದ್ದುಗುಂಡು ಇಟ್ಟದ್ದು ಇದರಲ್ಲೇ.

ಕಲ್ಪೆಟ್ಟದಿಂದ ಐದಾರು ಕಿಲೋಮೀಟರ್ ದೂರದ ಪುಳಿಯಾರ್ಮಲದಲ್ಲಿ ಅನಂತನಾಥ ಸ್ವಾಮಿ ಬಸದಿ ಇದೆ. ಕಾಫಿ ತೋಟದ ನಡುವೆ, ಗದ್ದಲವಿಲ್ಲದ ಜಾಗ. ಅಲ್ಲಿ ಸಿಕ್ಕ ಹಿರಿಯರೊಬ್ಬರಿಗೆ ನಾನು ಮಲಯಾಳದಲ್ಲೇ ನಮಸ್ಕಾರ ಹೇಳಿದೆ. ನಮ್ಮ ಮನೆಯವಳು ಮಗಳಿಗೆ ಕನ್ನಡದಲ್ಲಿ ಏನೋ ಹೇಳಿದ್ದು ಕೇಳಿ ಅವರೇ ಕನ್ನಡಕ್ಕೆ ಬಂದರು. "ನೀವು ಯಾವ ಕಡೆಯವರು?" ಎಂದು ಕೇಳಿದರು. ಮೈಸೂರು ಕಡೆ, ಈಗ ಕೊಚ್ಚಿ ಎಂದೆ. "ಗೌಡರೇ, ನಿಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಆಡ್ತೀರಾ?" ಎಂದಾಗ ಅವರು ನಕ್ಕರು. "ನಾವು ಆಡ್ತೇವೆ. ಮೊಮ್ಮಕ್ಕಳಿಗೆ ಅರ್ಥ ಆಗ್ತದೆ, ಉತ್ತರ ಮಲಯಾಳದಲ್ಲಿ ಕೊಡ್ತಾರೆ. ಓದೋಕೆ ನನಗೂ ಬರೋದಿಲ್ಲ."

ವಯನಾಡಿನ ಜೈನ ಮನೆತನಗಳು ಎಷ್ಟೋ ತಲೆಮಾರುಗಳ ಹಿಂದೆ ಕರ್ನಾಟಕದಿಂದ ಬಂದವು. ಎಂ.ಪಿ. ವೀರೇಂದ್ರಕುಮಾರ್ ಈ ಸಮುದಾಯದವರೇ; ತಂದೆ ಪದ್ಮಪ್ರಭಾ ಗೌಡರ್. ಸಂಸದ, ಕೇಂದ್ರ ಮಂತ್ರಿ, ಮಾತೃಭೂಮಿ ಪತ್ರಿಕೆಯ ಮುಖ್ಯಸ್ಥ ಎಲ್ಲವೂ ಆಗಿದ್ದರು. 'ಹೈಮವತಭೂವಿಲ್' ಎಂಬ ಪ್ರವಾಸಗ್ರಂಥಕ್ಕೆ 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮಲಯಾಳದ ಕೃತಿಯಾಗಿ. ಅದರಲ್ಲಿ ತಪ್ಪೇನಿಲ್ಲ, ಬದುಕಿದ ನೆಲದ ಭಾಷೆಯಲ್ಲಿ ಬರೆಯುವುದೇ ಸಹಜ. ಆದರೆ ಪಾಲಾರಿವಟ್ಟಂನ ನಮ್ಮ ಫ್ಲ್ಯಾಟಿನಲ್ಲಿ ನಡೆಯುತ್ತಿರುವುದೂ ಇದೇ ಅಲ್ಲವೇ ಎಂದು ಅನಿಸದಿರಲಿಲ್ಲ. ಶಾಲೆಯಲ್ಲಿ ಮಲಯಾಳ, ಹಿಂದಿ, ಇಂಗ್ಲಿಷ್, ಕನ್ನಡ ಅಡುಗೆಮನೆಯಲ್ಲಿ. ಗೌಡರ ಮನೆಯಲ್ಲಿ ಕನ್ನಡ ಇಷ್ಟು ತಲೆಮಾರು ಉಳಿದದ್ದೇ ದೊಡ್ಡದು. ಬಸದಿ, ಮದುವೆ ಸಂಬಂಧ, ಊರಿನ ನೆಂಟರು ಅದಕ್ಕೆ ಆಸರೆಯಾಗಿದ್ದವು. ನಮಗೆ ಅಂಥದ್ದು ಏನಿದೆ ಎಂದು ಯೋಚಿಸಬೇಕು. ರಾವುಳರ, ಕಾಟ್ಟುನಾಯ್ಕರ ನುಡಿಗಳಿಗಂತೂ ಇದಕ್ಕಿಂತ ಕಷ್ಟ; ಅವಕ್ಕೆ ಯಾವ ರಾಜ್ಯವೂ ಬೆನ್ನಿಗಿಲ್ಲ. ಮಾನಂದವಾಡಿಯ 'ಮಾಟ್ಟೊಲಿ' ಸಮುದಾಯ ರೇಡಿಯೋ ಆದಿವಾಸಿ ನುಡಿಗಳಲ್ಲಿ ಕಾರ್ಯಕ್ರಮ ಕೊಡುತ್ತದೆ. ಲಕ್ಕಿಡಿಯ ಮೇಲೆ 2022ರಲ್ಲಿ ತೆರೆದ ಆದಿವಾಸಿ ಪಾರಂಪರಿಕ ಗ್ರಾಮದ ಹೆಸರು 'ಎನ್ ಊರು'. ಇದನ್ನು ನಮಗೆ ಯಾರೂ ಅನುವಾದಿಸಿ ಹೇಳಬೇಕಾಗಿಲ್ಲ.

ಎರಡನೆಯ ದಿನ ಮೇಪ್ಪಾಡಿ ಕಡೆಗೆ ಹೋದೆವು. ಚಹಾ ತೋಟಗಳು, ಎದುರಿಗೆ 2,100 ಮೀಟರ್ ಎತ್ತರದ ಚೆಂಬ್ರ ಶಿಖರ. ಇದೇ ಪಂಚಾಯತಿಯ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ 2024ರ ಜುಲೈ 30ರ ನಸುಕಿನಲ್ಲಿ ಗುಡ್ಡ ಜರಿದು ಬಂತು. ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಕರ್ನಾಟಕದಿಂದ ಹೋಗಿ ನೆಲೆಸಿದ್ದ ಕುಟುಂಬಗಳವರೂ ಇದ್ದರು. ಗುರುತು ಸಿಗದವರನ್ನು ಪುತ್ತುಮಲದಲ್ಲಿ ಮಣ್ಣು ಮಾಡಿದ್ದಾರೆ. ಹೆಸರಿನ ಜಾಗದಲ್ಲಿ ನಂಬರ್. ಆ ಪುತ್ತುಮಲದಲ್ಲೂ 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಿತ್ತು. ಬದುಕಿ ಉಳಿದವರಿಗಾಗಿ ಕಲ್ಪೆಟ್ಟದ ಎಲ್‌ಸ್ಟನ್ ಎಸ್ಟೇಟಿನಲ್ಲಿ ಹೊಸ ಬಡಾವಣೆಗೆ 2025ರ ಮಾರ್ಚ್ 27ರಂದು ಅಡಿಗಲ್ಲು ಹಾಕಿದರು. ಒಂದು ಕುಟುಂಬಕ್ಕೆ ಏಳು ಸೆಂಟು ಜಾಗ, ಸಾವಿರ ಚದರಡಿಯ ಮನೆ ಎಂಬ ಯೋಜನೆ. ನಮ್ಮನ್ನು ಕರೆದುಕೊಂಡು ಹೋದ ಆಟೋದವರು ಚೂರಲ್‌ಮಲಕ್ಕೆ ಬರಲು ಒಪ್ಪಲಿಲ್ಲ. "ಚೇಟ್ಟಾ, ಅಲ್ಲಿ ನೋಡೋಕೆ ಏನೂ ಇಲ್ಲ" ಎಂದರು. ನಾವೂ ಒತ್ತಾಯ ಮಾಡಲಿಲ್ಲ.

ವಯನಾಡಿನ ಮಳೆ ನಮಗೆ ಸಂಬಂಧಿಸದ್ದಲ್ಲ. ಕೇರಳದ 44 ನದಿಗಳಲ್ಲಿ ಪೂರ್ವಕ್ಕೆ ಹರಿಯುವುದು ಮೂರೇ; ಅದರಲ್ಲಿ ಕಬಿನಿ ಒಂದು. ಇಲ್ಲಿನ ಗುಡ್ಡಗಳ ನೀರು ಹೆಗ್ಗಡದೇವನಕೋಟೆ ದಾಟಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿ ಸೇರುತ್ತದೆ. ಟಿ.ವಿ.ಯಲ್ಲಿ "ವಯನಾಡಿನಲ್ಲಿ ಭಾರೀ ಮಳೆ, ಕಬಿನಿ ಭರ್ತಿ" ಎಂದು ಖುಷಿಯಿಂದ ಓದುವಾಗ ಆ ಮಳೆ ಯಾರ ಮನೆಯ ಮೇಲೆ ಬಿತ್ತು ಎಂಬುದೂ ನೆನಪಿರಲಿ. ಕೊಡುಕೊಳ್ಳುವಿಕೆ ಎರಡೂ ಕಡೆಯದು. ಗುಂಡ್ಲುಪೇಟೆಯ ತರಕಾರಿ, ಹೂವು ಇಲ್ಲಿಗೆ ಬರುತ್ತದೆ. ವಯನಾಡಿನ ರೈತರು ಕೊಡಗು, ಮೈಸೂರು ಜಿಲ್ಲೆಗಳಲ್ಲಿ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುತ್ತಾರೆ, ಅದರ ಕೂಲಿಗೆ ಪಣಿಯರೂ ಅಡಿಯರೂ ಗಡಿ ದಾಟುತ್ತಾರೆ.

ಹೋಗುವವರಿಗೆ ಒಂದೆರಡು ಮಾತು. ಜೂನ್‌ನಿಂದ ಆಗಸ್ಟ್‌ವರೆಗೆ ಬೇಡ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಎಡಕ್ಕಲ್ ಗುಹೆಗೆ ಬೆಳಿಗ್ಗೆಯೇ ಹತ್ತಿ. ನವಶಿಲಾಯುಗದ ಗೀರುಚಿತ್ರಗಳನ್ನು ಜನಸಂದಣಿಯಲ್ಲಿ ನೋಡಿದರೆ ಏನೂ ಕಾಣುವುದಿಲ್ಲ. ಆದಿವಾಸಿ ಹಾಡಿಗಳಿಗೆ ಕ್ಯಾಮೆರಾ ಹಿಡಿದು ನುಗ್ಗಬೇಡಿ. ಮುಂದೆ ಮೈಸೂರಿಗೆ ಹೋಗುವುದಾದರೆ 2009ರಿಂದ ಬಂಡೀಪುರದ ದಾರಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಬಂದ್. ಕೆಲವೇ ಬಸ್ಸುಗಳಿಗೆ ವಿನಾಯಿತಿ. ಬಾವಲಿ ದಾರಿ ಸಂಜೆ ಆರಕ್ಕೇ ಮುಚ್ಚುತ್ತದೆ. ಆನೆಗಳ ಹೊತ್ತು ಆನೆಗಳಿಗೆ ಬಿಟ್ಟು, ನೀವು ಆ ರಾತ್ರಿ ಕಲ್ಪೆಟ್ಟದಲ್ಲಿ ಉಳಿಯಿರಿ. ಬಸ್ ಸ್ಟ್ಯಾಂಡಿನಲ್ಲಿ ಸ್ವಲ್ಪ ಕಿವಿಗೊಟ್ಟು ಕುಳಿತರೆ, ಒಂದೆರಡು ಗುರುತಿನ ಪದ ಖಂಡಿತ ಕೇಳಿಸುತ್ತದೆ.